ಫ್ಲೆಕ್ಸ್ ಕಟ್ಟಿದ ಬದಿ

ಕಂಬಕ್ಕೂ ಲೆಕ್ಕ ಇರುತ್ತದೆಯೇ ಎಂದು ಜೇವರ್ಗಿಯಲ್ಲಿ ನನ್ನನ್ನು ಕೇಳದವರಿಲ್ಲ. ಗುಂಡಿ ತೋಡಬೇಕು, ಕಂಬ ನಿಲ್ಲಿಸಬೇಕು, ಕಾಂಕ್ರೀಟ್ ಸುರಿಯಬೇಕು, ಮುಗಿಯಿತು. ಇದರಲ್ಲಿ ಎಂಜಿನಿಯರನಿಗೇನು ಕೆಲಸ? ಮೊದಮೊದಲು ಕೂರಿಸಿಕೊಂಡು ಚಹಾ ಕುಡಿಸಿ ವಿವರಿಸುತ್ತಿದ್ದೆ. ಈಗ "ಇರ್ತದ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ವಯಸ್ಸಾದಂತೆ ನನ್ನ ಸಿಡುಕು ಹೆಚ್ಚಿದೆ. ಅದನ್ನು ನನಗೆ ಹೇಳುತ್ತಿದ್ದವಳು ಈಗ ಇಲ್ಲ.

ಹೊರಗಿನ ಒಂದು ಕಂಪನಿ ದೀಪದ ಕಂಬಗಳನ್ನು ಮಾಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಊರುಗಳ ಕೂಡುರಸ್ತೆಯಲ್ಲಿ ನಿಲ್ಲುವ, ಎಡಕ್ಕೊಂದು ಬಲಕ್ಕೊಂದು ಕೈ ಚಾಚಿದ ಕಂಬಗಳ ಲೆಕ್ಕವನ್ನು ನಾನು ನೋಡಿಕೊಡುತ್ತೇನೆ. ನಕ್ಷೆ ಕಂಪ್ಯೂಟರಿನಲ್ಲಿ ಬರುತ್ತದೆ, ಉತ್ತರ ಕಂಪ್ಯೂಟರಿನಲ್ಲೇ ಹೋಗುತ್ತದೆ. ಮನೆಯ ಮುಂದಿನ ಕೋಣೆಯೇ ಆಫೀಸು. ಎಷ್ಟೋ ದಿನ ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ" ಎನ್ನುವಾಗ ಮಾತ್ರ ನಾನು ಬಾಯಿ ಬಿಟ್ಟಿರುತ್ತೇನೆ. ನನ್ನ ದನಿ ನನಗೇ ಯಾರದೋ ಅನ್ನಿಸಿ ಬೆಚ್ಚಿದ್ದೂ ಉಂಟು.

ನನ್ನ ಹೆಂಡತಿ ದನದ ಡಾಕ್ಟರು. ಅಫಜಲಪುರ ತಾಲೂಕಿನ ಗೊಬ್ಬೂರದ ಸುತ್ತಲಿನ ಹಳ್ಳಿಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಎಮ್ಮೆಗಳು ಹೊತ್ತು ನೋಡಿ ಈಯುವುದಿಲ್ಲ ಎಂದು ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ಶನಿವಾರ ಸಂಜೆ ಜೇವರ್ಗಿಗೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದಳು. ಬಾಗಿಲು ತೆಗೆದ ಕೂಡಲೇ ಮನೆ ತುಂಬ ಡೆಟಾಲಿನ ವಾಸನೆ, ಅದರ ಹಿಂದೆ ಸೆಗಣಿಯ ವಾಸನೆ, ಅದರ ಹಿಂದೆ ಮಾತು. ನಮಗೆ ಮಕ್ಕಳಿಲ್ಲ. ವಾರವಿಡೀ ಗಂಟು ಹಾಕಿಟ್ಟ ಮಾತನ್ನು ಅವಳು ಒಂದೂವರೆ ದಿನದಲ್ಲಿ ಬಿಚ್ಚಿ ಮುಗಿಸುತ್ತಿದ್ದಳು.

ಒಮ್ಮೆ ಊಟಕ್ಕೆ ಕೂತಾಗ ಕಂಬ ಹೇಗೆ ತಿರುಚಿಕೊಳ್ಳುತ್ತದೆ ಎಂದು ಅವಳಿಗೆ ಹೇಳಲು ಹೋದೆ. ಕೈಯಲ್ಲಿ ಒದ್ದೆ ಟವೆಲು ಹಿಡಿದು ಹಿಂಡಿ ತೋರಿಸುತ್ತಿದ್ದೆ.

"ತಿರುಚೂದು ನನಗ ಹೇಳಬ್ಯಾಡ್ರಿ," ಎಂದು ನಕ್ಕಳು. "ಬಗಲತನಕಾ ಕೈ ಹಾಕಿ ನೋಡಾಕಿ ನಾನು."

ಎಮ್ಮೆಗಳಿಗೆ ಈಯುವ ಹೊತ್ತಿಗೆ ಗರ್ಭಚೀಲವೇ ತಿರುಚಿಕೊಳ್ಳುವುದುಂಟಂತೆ. ಆಗ ಎಮ್ಮೆಯನ್ನು ಮಲಗಿಸಿ, ಕಾಲು ಕಟ್ಟಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಒಬ್ಬನನ್ನು ನಿಲ್ಲಿಸಿ, ಎಮ್ಮೆಯನ್ನೇ ಹೊರಳಿಸಬೇಕು. ಒಳಗಿನದು ನಿಂತಲ್ಲೇ ನಿಂತು ಹೊರಗಿನದು ಸುತ್ತಿದರೆ ತಿರುಚು ಬಿಚ್ಚುತ್ತದೆ. ಹೀಗೆ ಎಷ್ಟೋ ಎಮ್ಮೆಗಳನ್ನು ಅವಳು ಉಳಿಸಿದ್ದಳು. "ನಿಮ್ಮ ಕಂಬಾನೂ ಬಾಯಿಬಿಟ್ಟು ಹೇಳಂಗಿಲ್ಲ, ನನ್ನ ಎಮ್ಮೀನೂ ಹೇಳಂಗಿಲ್ಲ. ಎಲ್ಲಿ ನೋವು ಅಂತ ನಾವೇ ಹುಡುಕಬೇಕು," ಎನ್ನುತ್ತಿದ್ದಳು. ಆದರೆ ತನ್ನ ತಲೆಯೊಳಗೆ ಏನಾಗುತ್ತಿದೆ ಎಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಶನಿವಾರ ಬರಬೇಕಾದವಳು ಶುಕ್ರವಾರವೇ ಬಂದಳು, ಆಂಬುಲೆನ್ಸಿನಲ್ಲಿ.

ವಾರದ ಒಂಟಿತನ ನನಗೆ ಮೊದಲೇ ರೂಢಿಯಿತ್ತು. ಶನಿವಾರ ಸಂಜೆಯದು ಇವತ್ತಿಗೂ ರೂಢಿಯಾಗಿಲ್ಲ. ಆ ಹೊತ್ತಿಗೆ ನಾನು ಬೇಕೆಂದೇ ಬಸ್‌ಸ್ಟ್ಯಾಂಡಿನ ಕಡೆ ಹೋಗುವುದಿಲ್ಲ.

ಆಕೆ ತೀರಿಕೊಂಡ ವರ್ಷವೇ ಹಿರೋಳ್ಳಿಯ ಕಂಬದ ಸುದ್ದಿ ಬಂತು. ಆಳಂದ ತಾಲೂಕಿನ ಕೊನೆಗೆ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಊರು. ಬೇಸಿಗೆಯ ಗಾಳಿಗೆ ಅಲ್ಲಿ ಹಳೆಯದೊಂದು ಕಂಬ ನಿಂತಲ್ಲೇ ತಿರುಗಿಬಿಟ್ಟಿತ್ತು. ರಸ್ತೆಗೆ ಅಡ್ಡಲಾಗಿ ಚಾಚಿರಬೇಕಾದ ಕೈಗಳು ರಸ್ತೆಯ ಉದ್ದಕ್ಕೆ ಚಾಚಿದ್ದವು. ಕಂಬ ಬಿದ್ದಿರಲಿಲ್ಲ, ವಾಲಿರಲಿಲ್ಲ, ಬರೀ ಮೋರೆ ತಿರುಗಿಸಿ ನಿಂತಿತ್ತು. ಅದನ್ನು ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ಹೋಗಿ ನೋಡಿದರೆ ಒಂದು ಕೈಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿತ್ತು. ಹಾರ ಹಾಕಿದ ಹಿರಿಯರ ಫೋಟೊ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಇನ್ನೊಂದು ಕೈ ಬರಿದಾಗಿತ್ತು.

"ಆ ಕಡೆ ಏನೂ ಕಟ್ಟಂಗಿಲ್ಲೇನ್ರಿ?" ಎಂದು ಪಕ್ಕದ ಪಾನ್ ಅಂಗಡಿಯವನನ್ನು ಕೇಳಿದೆ.

"ಕಟ್ತಾರ್ರಿ. ಹುಟ್ಟಿದ ಹಬ್ಬದ್ದು ಕಟ್ತಾರ, ಮರುದಿನ ಬಿಚ್ಚಿಕೊಂಡು ಹೋಗಿ ಜೋಳದ ಕಣಿಕಿ ಬಣವಿಗೆ ಹೊಚ್ತಾರ. ಮಳಿಗೆ ಛಲೋ ಆಸರ ಆಗತದ."

"ಮತ್ತ ಇದನ್ಯಾಕ ಬಿಚ್ಚಿಲ್ಲ?"

ಅವನು ನನ್ನನ್ನು ಒಂದು ಥರಾ ನೋಡಿದ. "ಸತ್ತವರ ಮಾರಿ ಕೈಯಾರೆ ಯಾರು ಇಳಸ್ತಾರ್ರಿ ಸಾಹೇಬ್ರ? ಅದನ್ನ ಹವಾನೇ ಒಯ್ಬೇಕು."

ಆಮೇಲೆ ನೋಡುತ್ತ ಹೋದೆ. ಮೂರೂ ತಾಲೂಕಿನಲ್ಲಿ ಇದೇ ಪದ್ಧತಿ. ಬದುಕಿದವರ ಫ್ಲೆಕ್ಸು ಒಂದು ದಿನದ್ದು. ಸತ್ತವರದು ಹರಿದು ಚಿಂದಿಯಾಗಿ ಗಾಳಿಗೆ ಹಾರಿಹೋಗುವವರೆಗೆ. ಹೀಗಾಗಿ ಎರಡು ಕೈಯ ಕಂಬಕ್ಕೆ ಯಾವಾಗಲೂ ಒಂದೇ ಕಡೆ ಭಾರ. ದೀಪಕ್ಕೆ, ಗಾಳಿಗೆ, ಕಂಬದ ಸ್ವಂತ ತೂಕಕ್ಕೆ ಪುಸ್ತಕದಲ್ಲಿ ನಿಯಮಗಳಿವೆ. ದುಃಖಕ್ಕೆ ಇಲ್ಲ.

ಕಂಬದ ಲೆಕ್ಕ ಬೇಡವೆನ್ನುವವರು ಇದೊಂದನ್ನು ಓದಿದರೆ ಸಾಕು. ಗಾಳಿ ಫ್ಲೆಕ್ಸಿಗೆ ಬಡಿದಾಗ ಕಂಬಕ್ಕೆ ಎರಡು ಬಗೆಯ ತೊಂದರೆ. ಒಂದು, ಗಾಳಿ ಕಂಬವನ್ನು ಇಡಿಯಾಗಿ ತನ್ನ ದಿಕ್ಕಿಗೆ ದಬ್ಬುತ್ತದೆ. ಇನ್ನೊಂದು, ಫ್ಲೆಕ್ಸು ಒಂದು ಪಕ್ಕಕ್ಕಿರುವುದರಿಂದ ಕಂಬವನ್ನು ತಿರುಚುತ್ತದೆ. ಎರಡರಿಂದಲೂ ಉಕ್ಕಿನ ಒಂದು ಪದರ ಪಕ್ಕದ ಪದರದ ಮೇಲೆ ಜಾರಲು ನೋಡುತ್ತದೆ. ಇದಕ್ಕೆ ನಾವು ಶಿಯರ್ ಎನ್ನುತ್ತೇವೆ. ಕಂಬ ಟೊಳ್ಳು ಕೊಳವೆ, ಗೋಡೆ ತೆಳು. ಹಾಗಾಗಿ ಈ ಎರಡೂ ಶಿಯರ್ ಗೋಡೆಯ ಗುಂಟವೇ ಹರಿಯಬೇಕು, ಬೇರೆ ದಾರಿಯಿಲ್ಲ. ಕಂಬದ ಒಂದು ಬದಿಯಲ್ಲಿ ಎರಡೂ ಎದುರುಬದುರಾಗಿ ಬಂದು ಒಂದನ್ನೊಂದು ಕಳೆಯುತ್ತವೆ. ಇನ್ನೊಂದು ಬದಿಯಲ್ಲಿ ಎರಡೂ ಒಂದೇ ದಿಕ್ಕಿಗೆ ಹೊರಟು ಕೂಡಿಕೊಳ್ಳುತ್ತವೆ. ಕೂಡುವುದು ಯಾವಾಗಲೂ ಫ್ಲೆಕ್ಸ್ ಕಟ್ಟಿದ ಬದಿಯಲ್ಲಿ. ಗಾಳಿ ಪಡುವಣದಿಂದ ಬರಲಿ, ಮೂಡಣದಿಂದ ಬರಲಿ, ಆ ಬದಿ ಬದಲಾಗುವುದಿಲ್ಲ.

ಎರಡೂ ಕೈಗೆ ಸಮನಾದ ಫ್ಲೆಕ್ಸ್ ಇದ್ದರೆ ತಿರುಚುವ ಜೋರು ಒಂದನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಬಿಚ್ಚಿದಿರೋ, ಭಾರ ಅರ್ಧಕ್ಕಿಳಿದು ಶಿಯರ್ ಮಾತ್ರ ಏರುತ್ತದೆ. ಕಡಿಮೆ ಹೊತ್ತ ಕಂಬಕ್ಕೆ ಹೆಚ್ಚು ನೋವು ಹೇಗೆ ಎಂದು ಜನ ಕೇಳುತ್ತಾರೆ. ನನಗೆ ಅದನ್ನು ಲೆಕ್ಕವಿಲ್ಲದೆಯೂ ನಂಬಲು ಕಷ್ಟವಾಗುವುದಿಲ್ಲ.

ಹಿರೋಳ್ಳಿಯ ನಂತರ ಮೂರು ತಾಲೂಕಿನ ಹಳೆಯ ಕಂಬಗಳನ್ನೆಲ್ಲ ತಪಾಸಣೆ ಮಾಡುವ ಕೆಲಸ ನನಗೆ ಬಂತು. ಯಾವ ಕಂಬ ಒಂದು ಬದಿಯ ಫ್ಲೆಕ್ಸ್ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನಾನು ಹೇಳಬೇಕು. ತಡೆಯದ ಕಡೆ ರೋಹಿಣಿ ಮಳೆಗೆ ಮುಂಚಿನ ಬಿರುಗಾಳಿ ಏಳುವುದರೊಳಗೆ ಫ್ಲೆಕ್ಸ್ ಇಳಿಯಬೇಕು. ಆಳಂದ ಮುಗಿಸಿದೆ, ಜೇವರ್ಗಿ ಮುಗಿಸಿದೆ. ಅಫಜಲಪುರದಲ್ಲಿ ಎಲ್ಲ ಊರು ಸುತ್ತಿದ ಮೇಲೂ ಗೊಬ್ಬೂರ ಉಳಿದಿತ್ತು. ಬಿಸಿಲು ಹೆಚ್ಚು, ಬಸ್ಸು ಸಿಗಲಿಲ್ಲ, ಏಣಿ ಸಿಗಲಿಲ್ಲ ಎಂದು ನನಗೆ ನಾನೇ ನೆವ ಹೇಳಿಕೊಳ್ಳುತ್ತಿದ್ದೆ. ಅಲ್ಲಿಯ ಕಂಬದ ಮೇಲೆ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಹೋದೆ. ಬಸ್ಸಿನಿಂದ ಇಳಿಯುವಾಗಲೇ ಕಂಡಳು. ಆಳೆತ್ತರಕ್ಕಿಂತ ದೊಡ್ಡ ಮುಖ. ಯಾವುದೋ ಮದುವೆಯ ಗುಂಪಿನ ಫೋಟೊದಿಂದ ಕತ್ತರಿಸಿದ್ದರು. ಹೆಗಲ ಮೇಲೆ ಪಕ್ಕದವರ ಕೈಯ ಬೆರಳುಗಳು ಹಾಗೇ ಉಳಿದಿದ್ದವು, ಆ ಬೆರಳುಗಳು ನನ್ನವು. ಹಿಂದೆ ನೀಲಿ ಮೋಡ, ಎರಡು ಪಾರಿವಾಳ. 'ದನದ ಡಾಕ್ಟ್ರಬಾಯಾರೇ, ಮತ್ತೆ ಹುಟ್ಟಿ ಬನ್ನಿ' ಎಂದು ಬರೆಸಿದ್ದರು; ಊರಿನವರೆಲ್ಲ ಅವಳನ್ನು ಗೌರವದಿಂದ ಬಾಯಾರು ಎಂದೇ ಕರೆಯುತ್ತಿದ್ದರು. ಕೆಳಗೆ ಊರ ಹುಡುಗರ ಸಾಲು, ಕಪ್ಪು ಕನ್ನಡಕ ಹಾಕಿಕೊಂಡು ಕೈ ಮುಗಿದವರು. ಸಾಲಿನ ಕೊನೆಯ ಗುಂಡು ಚೌಕಟ್ಟಿನಲ್ಲಿ ಒಂದು ಎಮ್ಮೆ. ನನಗೆ ನಗು ಬಂತು. ಇದನ್ನು ನೋಡಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕೆಲಸಕ್ಕೆ ಬಂದವನು ಕೆಲಸ ಮಾಡಬೇಕು. ಕೊಳವೆಯ ಸುತ್ತಳತೆ, ಗೋಡೆಯ ದಪ್ಪ, ಕೈಯ ಉದ್ದ ಎಲ್ಲ ಅಳೆದೆ. ಮಿಕ್ಕವರ ಫ್ಲೆಕ್ಸುಗಳಿಗೆ ಕಟ್ಟಿಗೆ ಪಟ್ಟಿ, ಸುತಳಿ ಸಾಕಾಗಿತ್ತು. ಇದಕ್ಕೆ ಕಬ್ಬಿಣದ ಚೌಕಟ್ಟು ಬೆಸೆದು, ತಂತಿಯಲ್ಲಿ ಬಿಗಿದಿದ್ದರು, ದಪ್ಪ ಬಟ್ಟೆಯನ್ನೇ ಆರಿಸಿದ್ದರು. ಪ್ರೀತಿಯಿಂದ ಮಾಡಿದ ಕೆಲಸ. ಗಾಳಿ ಇದನ್ನು ಹರಿದೊಯ್ಯುವುದು ಸಾಧ್ಯವಿರಲಿಲ್ಲ. ಒಯ್ದರೆ ಕಂಬ ಸಮೇತ ಒಯ್ಯಬೇಕು. ಕಂಬದ ಬುಡದಲ್ಲಿ ವೈರು ಕೂಡಿಸಲು ಕತ್ತರಿಸಿದ ಪುಟ್ಟ ಬಾಗಿಲು ಇರುತ್ತದೆ, ಕೊಳವೆಗೆ ಅದೇ ಬಡಕಲು ಜಾಗ. ಇಲ್ಲಿ ಆ ಬಾಗಿಲು ಫ್ಲೆಕ್ಸ್ ಕಟ್ಟಿದ ಬದಿಗೇ ಇತ್ತು. ಕಂಬದ ನೆರಳಿನಲ್ಲಿ ಬಸ್ಸು ಕಾಯುವವರ ಕಲ್ಲುಬೆಂಚು, ಅದರ ಮೇಲೆ ಇಬ್ಬರು ಹೆಂಗಸರು, ಒಂದು ಕೂಸು.

ಮನೆಗೆ ಬಂದು ಲೆಕ್ಕಕ್ಕೆ ಕೂತೆ. ಕರೆಂಟು ಹೋಗಿತ್ತು, ಮಧ್ಯಾಹ್ನದ ಸೆಕೆಗೆ ಹಾಳೆ ಮೊಣಕೈಗೆ ಅಂಟುತ್ತಿತ್ತು. ದಬ್ಬುವ ಶಿಯರ್ ತೆಗೆದೆ, ತಿರುಚುವ ಶಿಯರ್ ತೆಗೆದೆ. ಎರಡನ್ನೂ ಕೂಡಿಸಿದರೆ ಉಕ್ಕು ತಡೆಯುವ ಮಿತಿಯನ್ನು ದಾಟುತ್ತಿತ್ತು. ಮತ್ತೆ ಮೊದಲಿನಿಂದ ಮಾಡಿದೆ. ಮತ್ತೆ ದಾಟಿತು.

ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿ ಹೇಳಿದೆ. ಆ ಕಂಬದ ಮೇಲೆ ಯಾರ ಮುಖವಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಸರ್, ನೀವು ಎರಡನ್ನೂ ನೇರವಾಗಿ ಕೂಡಿಸ್ತಾ ಇದ್ದೀರಿ," ಎಂದರು. "ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೀರಿ. ಎಷ್ಟೋ ಜನ ಹಾಗೇ ಮಾಡ್ತಾರೆ. ಪಾಸ್ ಆಗುತ್ತೆ ನೋಡಿ."

ಅವರು ಹೇಳಿದ್ದು ಹುಚ್ಚು ಮಾತೇನಲ್ಲ. ಎರಡು ಒತ್ತಡ ಒಂದಕ್ಕೊಂದು ಅಡ್ಡಲಾಗಿದ್ದರೆ ಹಾಗೆಯೇ ಕೂಡಿಸಬೇಕು. ಮೂರು, ನಾಲ್ಕು ಎಂದಿಟ್ಟುಕೊಳ್ಳಿ, ಉತ್ತರ ಐದು ಬರುತ್ತದೆ. ಆದರೆ ಕೊಳವೆಯ ಗೋಡೆಯಲ್ಲಿ ಎರಡೂ ಒಂದೇ ಗೆರೆಯಲ್ಲಿ ಓಡುತ್ತವೆ. ಅಲ್ಲಿ ಮೂರು ಮತ್ತು ನಾಲ್ಕು ಸೇರಿದರೆ ಏಳೇ. ಐದಕ್ಕೆ ಕಂಬ ಪಾಸು, ಏಳಕ್ಕೆ ನಾಪಾಸು. ಇಷ್ಟು ತಿಳಿದೂ ನಾನು ವರ್ಗಮೂಲ ತೆಗೆದು ನೋಡಿದೆ. ಪಾಸಾಯಿತು.

ಆ ಹಾಳೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೇಳುವವರು ಯಾರೂ ಇರಲಿಲ್ಲ. ಸಹಿ ಮಾಡಿದ್ದರೆ ಅವಳು ಅಲ್ಲೇ ಇರುತ್ತಿದ್ದಳು, ಊರ ಮಧ್ಯದಲ್ಲಿ, ಎಲ್ಲರ ಕಣ್ಣ ಮುಂದೆ. ನನ್ನ ಮನೆಯಲ್ಲಿ ಅವಳನ್ನು ನೆನೆಯುವವನು ನಾನೊಬ್ಬನೇ. ಅಲ್ಲಿ ಬಸ್ಸಿಗೆ ನಿಂತವರೆಲ್ಲ ನೆನೆಯುತ್ತಿದ್ದರು. ಅವಳನ್ನು ನನ್ನ ಜೊತೆ ಸೇರಿ ನೆನೆಯುವ ಒಂದು ಊರಿದೆ ಎಂಬುದೇ ನನಗೆ ಆಗ ಇದ್ದ ದೊಡ್ಡ ಆಸರೆ. ಅದನ್ನು ನನ್ನ ಕೈಯಿಂದಲೇ ಬಿಚ್ಚಬೇಕಿತ್ತು. ಕೆಳಗಿನ ಬೆಂಚು ನೆನಪಾಯಿತು, ಆ ಕೂಸು ನೆನಪಾಯಿತು. ವರ್ಗಮೂಲದ ಹಾಳೆಯನ್ನು ಹರಿದು, 'ತಡೆಯುವುದಿಲ್ಲ' ಎಂದು ಬರೆದು ಕಳಿಸಿದೆ.

ಕಳಿಸಿದ ಮೇಲೆ ಇಳಿಸುವವರು ಬೇಕಲ್ಲ, ಮತ್ತೆ ಗೊಬ್ಬೂರಕ್ಕೆ ಹೋದೆ. ಪಂಚಾಯ್ತಿ ಮೆಂಬರರು ಊರ ಹೋಟೆಲಿನಲ್ಲಿ ಕೂರಿಸಿ ಚಹಾ ತರಿಸಿದರು. ಅರ್ಧ ಊರು ಸುತ್ತ ನಿಂತಿತ್ತು.

"ಬ್ಯಾರೆ ಏನರ ಹೇಳ್ರಿ, ಮಾಡ್ತೇವಿ," ಎಂದರು. "ಬಾಯಾರ ಮಾರಿ ಇಳಸೂದು ನಮ್ಮ ಕೈಲೆ ಆಗಂಗಿಲ್ರಿ."

ನಾನು ದಬ್ಬುವುದು, ತಿರುಚುವುದು ಎಲ್ಲವನ್ನೂ ಹೇಳಿದೆ. ಎರಡು ಕಡೆ ಸಮನಾಗಿದ್ದರೆ ತಿರುಚು ಇರುವುದಿಲ್ಲ ಎಂದು ಬಾಯಿ ತಪ್ಪಿ ಅದನ್ನೂ ಹೇಳಿದೆ. ಅಷ್ಟೇ ಸಾಕಾಯಿತು.

"ಹಂಗಂದ್ರ ಆ ಕಡೆ ನಿಮ್ದೊಂದು ಹಾಕೇಬಿಡೂನ್ರಿ!" ಎಂದು ಒಬ್ಬ ಕೂಗಿದ. "ನಿಮ್ಮ ಹುಟ್ಟಿದ ಹಬ್ಬ ಯಾವಾಗ್ರಿ? ಜೋಡಿ ಕಾಣ್ತೀರಿ, ಕಂಬಾನೂ ಸಮ ಆಗತದ."

ಎಲ್ಲರೂ ಹೌದು ಹೌದು ಎಂದರು. ನಾನು ನಕ್ಕೆ, ಆದರೆ ಒಂದು ಗಳಿಗೆ ನನಗೆ ಅದು ಬಹಳ ಬೇಕು ಅನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕಂಬದ ಆಚೆ ಅವಳು, ಈಚೆ ನಾನು. ಆಮೇಲೆ ತಲೆ ಅದರ ದಾರಿ ಹಿಡಿಯಿತು. ಬಿರುಗಾಳಿ ಎರಡು ಕಡೆಗೂ ತಕ್ಕಡಿ ಹಿಡಿದು ಬೀಸುವುದಿಲ್ಲ. ಮೇಲಾಗಿ ಎರಡು ಫ್ಲೆಕ್ಸಿನ ಗಾಳಿಗೆ ಕಂಬ ಬುಡದಲ್ಲಿ ಬಾಗುವುದು ದುಪ್ಪಟ್ಟು. ಇದನ್ನು ಹೇಳುವಷ್ಟರಲ್ಲಿ ಮೆಂಬರರೇ ತಲೆ ಕೊಡವಿದರು.

"ಅದು ಆಗೂ ಮಾತಲ್ಲ. ಸಾಹೇಬ್ರು ಇನ್ನ ಬದುಕ್ಯಾರ. ಇವರದು ಮರುದಿನಾನೇ ಬಿಚ್ಚಿ ಬಣವಿಗೆ ಹೊಚ್ತೀರಿ ನೀವು. ಬಾಯಾರು ಮತ್ತ ಒಬ್ರೇ ಉಳೀತಾರ."

ಚಹಾ ಆರಿಹೋಗಿತ್ತು. ನಾನೇ ಇಳಿಸುತ್ತೇನೆ ಎಂದೆ.

ಟ್ರ್ಯಾಕ್ಟರಿನ ಟ್ರಾಲಿ ತಂದು ಕಂಬಕ್ಕೆ ಹತ್ತಿಸಿ ನಿಲ್ಲಿಸಿದರು. ಟ್ರಾಲಿಯಲ್ಲಿ ಏಣಿ ಇಟ್ಟು ಇಬ್ಬರು ಹಿಡಿದುಕೊಂಡರು, ಮುಖ ಮಾತ್ರ ಬೇರೆ ಕಡೆ ತಿರುಗಿಸಿದ್ದರು. ನಾನು ಇಕ್ಕಳ ಹಿಡಿದು ಹತ್ತಿದೆ. ಹತ್ತಿರದಿಂದ ಅವಳ ಮುಖ ಕಾಣುವುದಿಲ್ಲ; ಬರೀ ಕೆಂಪು, ಕಂದು, ಹಳದಿ ಚುಕ್ಕೆಗಳು. ಬಿಸಿಲಿಗೆ ಬಣ್ಣ ಹಾರಿ ಕೆನ್ನೆ ಬೆಳ್ಳಗಾಗಿತ್ತು. ಕಣ್ಣಿನ ಹತ್ತಿರ ಹಕ್ಕಿಯ ಹಿಕ್ಕೆ ಒಣಗಿತ್ತು, ಅಂಗಿಯ ತೋಳಿನಿಂದ ಒರೆಸಿದೆ. ಒಂದೊಂದು ತಂತಿ ಕತ್ತರಿಸಿದಾಗಲೂ ಬಟ್ಟೆ ಒಂದು ಸಲ ಅದುರುತ್ತಿತ್ತು, ಗಾಳಿ ಇಲ್ಲದಿದ್ದರೂ. ಕೊನೆಯ ತಂತಿಗೆ ಮುಂಚೆ ಇಕ್ಕಳವನ್ನು ಜೇಬಿಗಿಟ್ಟು, ಕೆನ್ನೆಯ ಮೇಲಿನ ಧೂಳನ್ನೂ ಒರೆಸಿದೆ. ಕೆಳಗೆ ಯಾರೂ ಅವಸರ ಮಾಡಲಿಲ್ಲ. ಬಸ್ಸೊಂದು ಬಂದು ನಿಂತು, ಹಾರ್ನ್ ಹೊಡೆಯದೆ ಪಕ್ಕದಿಂದ ಸರಿದು ಹೋಯಿತು.

ಖಾಲಿ ಚೌಕಟ್ಟನ್ನು ಅಲ್ಲೇ ಬಿಟ್ಟು, ಬಟ್ಟೆಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ಇಳಿದೆ. ನೆಲಕ್ಕೆ ಕಾಲಿಟ್ಟು ನೋಡಿದರೆ ಜನ ದಾರಿ ಬಿಟ್ಟು ಎರಡು ಬದಿಗೆ ನಿಂತಿದ್ದರು, ಯಾರ ಮುಖದಲ್ಲೂ ಸಮಾಧಾನವಿರಲಿಲ್ಲ. ಮಾಡಬಾರದ್ದನ್ನು ಮಾಡಿದೆ ಎಂಬ ಅಳುಕು ನನಗೂ ಆಯಿತು. ಅಷ್ಟರಲ್ಲಿ ಕಲ್ಲುಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಸೊಂಟ ಹಿಡಿದುಕೊಂಡು ಎದ್ದು ಬಂದಳು. ಸುರುಳಿಯ ತುದಿಗಂಟಿದ್ದ ಧೂಳನ್ನು ಸೆರಗಿನಿಂದ ಕೊಡವಿದಳು.

"ಛಲೋ ಆತು ಬಿಡಪ್ಪಾ," ಎಂದಳು. "ಭಾಳ ದಿನ ಆತು, ಬಿಸಲಾಗ ನಿಂತಾಳ. ಇನ್ನ ಮನೀಗೆ ಕರ್ಕೊಂಡು ಹೋಗು."

ಬಸ್ಸಿನಲ್ಲಿ ಸುರುಳಿಯನ್ನು ಕಿಟಕಿಯ ಬದಿಗೆ ನಿಲ್ಲಿಸಿಕೊಂಡು ಜೇವರ್ಗಿಗೆ ಬಂದೆ. ಮನೆಯಲ್ಲಿ ಗೋಡೆಗೆ ಹಾಕಲು ನೋಡಿದೆ, ಎತ್ತರ ಸಾಲಲಿಲ್ಲ. ಮೇಜು, ಕುರ್ಚಿ, ಕಂಪ್ಯೂಟರು ಎಲ್ಲವನ್ನೂ ಪಡಸಾಲೆಗೆ ಸರಿಸಿ ಮುಂದಿನ ಕೋಣೆಯ ನೆಲದ ಮೇಲೆ ಬಿಡಿಸಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಬಂದಳು, ಕಾಲಿಡಲು ಜಾಗ ಉಳಿಯಲಿಲ್ಲ. ಖಾನಾವಳಿಯ ಊಟ ಬಿಚ್ಚಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಮುದುರಿ ಕೂತೆ. ಅವಳು ಹೋದ ಮೇಲೆ ಮೊದಲ ಸಲ ಮನೆ ಇಕ್ಕಟ್ಟಾಗಿತ್ತು.